ಸೊಳ್ಳೆ ಸಾಕುವ ತಂಗಿಯ ಜೊತೆ ಇಟಲಿಯ ಭೂಕಂಪದ ಊರುಗಳಲ್ಲಿ

ಮಧ್ಯ ಇಟಲಿಗೆ ಹೋಗಿ ಬಂದು ಕೆಲವು ವಾರ ಆಯ್ತು. ಕೇಳಿದವರಿಗೆಲ್ಲ ಫೋಟೋ ಕಳಿಸಿದೆ. ಆದರೆ ಫೋಟೋದಲ್ಲಿ ಬಾರದ್ದೇ ಜಾಸ್ತಿ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಕೆಲಸ ಹಳೆ ಕಲ್ಲು ಕಟ್ಟಡಗಳ ರಿಪೇರಿ. ತಂಗಿ ಕೀಟ ಸಾಕುತ್ತಾಳೆ. ಸೊಳ್ಳೆ, ಹಣ್ಣಿನ ನೊಣ, ಅವುಗಳ ಮೈಯೊಳಗೇ ಬಾಳುವ ಬ್ಯಾಕ್ಟೀರಿಯಾ, ಇದೇ ಅವಳ ಲೋಕ. ಅವಳು ಕೆಲ ಕಾಲ ಅಲ್ಲೇ ಓದಿದ್ದರಿಂದ ಇಟಾಲಿಯನ್ ಸಲೀಸಾಗಿ ಬರುತ್ತದೆ. ನನಗೆ ಗೋಡೆ ನೋಡಬೇಕಿತ್ತು, ಅವಳಿಗೆ ಹಳೇ ಪ್ರಯೋಗಾಲಯದವರನ್ನು ಮಾತಾಡಿಸಬೇಕಿತ್ತು. ಎರಡೂ ಒಂದೇ ದಾರಿಯಲ್ಲಿ ಸಿಗುತ್ತವೆ ಅಂತ ಗೊತ್ತಾದ ಮೇಲೆ ಟಿಕೆಟ್ ತೆಗೆಸಲು ತಡ ಮಾಡಲಿಲ್ಲ.

ಮೊದಲ ದಿನ: ಬ್ರಾಚಾನೋ ಸರೋವರ

ರೋಮ್ ವಿಮಾನ ನಿಲ್ದಾಣದಲ್ಲಿ ಬಾಡಿಗೆ ಕಾರು ತಗೊಂಡು ನಗರದೊಳಗೆ ಹೋಗದೆ ಸೀದಾ ವಾಯವ್ಯಕ್ಕೆ ಹೊರಟೆವು. ಹಳೆ ಜ್ವಾಲಾಮುಖಿಗಳ ಜಾಗದಲ್ಲಿ ನಿಂತ ನೀರು ಈ ಸರೋವರ. ದಡದ ಮೇಲೆ ಆಂಗ್ವಿಲ್ಲಾರಾ ಅನ್ನುವ ಪುಟ್ಟ ಊರು. ನೀರಿನ ಪಕ್ಕದ ಮೇಜಿನಲ್ಲಿ ಕೂತು ಅಲ್ಲಿಯದೇ ಮೀನು ಹೇಳಿದೆವು. ಸಂಜೆಯ ಬಿಸಿಲು ಇನ್ನೂ ಇತ್ತು. ಅಷ್ಟರಲ್ಲಿ ನನ್ನ ಕಾಲಿನ ಗಂಟಿನ ಹತ್ತಿರ ಚುರುಕ್ ಅಂತು. ಕೈ ಎತ್ತಿದೆ.

"ಅಣ್ಣಾ, ಹೊಡೀಬೇಡ, ಮೊದಲು ನೋಡು."

ಬಗ್ಗಿ ನೋಡಿದೆ. ಕಪ್ಪು ಸೊಳ್ಳೆ, ಕಾಲುಗಳ ಮೇಲೆ ಬಿಳಿ ಪಟ್ಟಿ, ಬೆನ್ನಿನ ನಡುವೆ ನೇರವಾಗಿ ಎಳೆದ ಒಂದು ಬಿಳಿ ಗೆರೆ. ಹಿಂದಿನ ಕಾಲುಗಳನ್ನು ಮೇಲಕ್ಕೆತ್ತಿ ಆರಾಮಾಗಿ ಕುಡಿಯುತ್ತಿತ್ತು. ಇಟಲಿಯವರು ಇದನ್ನು ಹುಲಿ ಸೊಳ್ಳೆ ಅನ್ನುತ್ತಾರೆ. ಹಗಲಲ್ಲೇ ಕಚ್ಚುತ್ತದೆ. 1990ರಲ್ಲಿ ಜೆನೋವಾದಲ್ಲಿ ಮೊದಲು ಕಂಡಿದ್ದು, ಹಳೆ ಟೈರುಗಳ ವ್ಯಾಪಾರದ ಜೊತೆ ಬಂದದ್ದು. 2007ರಲ್ಲಿ ಇದರಿಂದಲೇ ರಾವೆನ್ನಾ ಕಡೆ ಚಿಕೂನ್‌ಗುನ್ಯಾ ಹರಡಿ 200ಕ್ಕೂ ಹೆಚ್ಚು ಜನ ಮಲಗಿದರು. ಸೋಂಕು ಹೊತ್ತು ಬಂದ ಮೊದಲ ವ್ಯಕ್ತಿ ಕೇರಳದಿಂದ ಹೋದವರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕಡೆ ಹೋಗುವವರು ಸಂಜೆಗೆ ಉದ್ದ ಪ್ಯಾಂಟ್ ಹಾಕಿಕೊಳ್ಳಿ, ಸೊಳ್ಳೆ ಮುಲಾಮು ಸೂಟ್‌ಕೇಸಿನ ಅಡಿಯಲ್ಲಿ ಇಡಬೇಡಿ.

ಮೀನು ತಿನ್ನುತ್ತಾ ತಂಗಿ ವೋಲ್ಬಾಕಿಯಾ ಕಥೆ ಶುರು ಮಾಡಿದಳು. ಇದು ಕೀಟಗಳ ಜೀವಕೋಶದೊಳಗೇ ಇರುವ ಬ್ಯಾಕ್ಟೀರಿಯಾ. ತಾಯಿಯಿಂದ ಮೊಟ್ಟೆಗೆ ಹೋಗುತ್ತದೆ. 1924ರಲ್ಲಿ ಹರ್ಟಿಗ್ ಮತ್ತು ವೋಲ್ಬಾಕ್ ಅನ್ನುವವರು ಮಾಮೂಲಿ ಮನೆ ಸೊಳ್ಳೆಯಲ್ಲಿ ಇದನ್ನು ಕಂಡರು. ಹುಲಿ ಸೊಳ್ಳೆಯ ಮೈಯಲ್ಲಿ ಸಹಜವಾಗಿ ಇದರ ಎರಡು ತಳಿ ಇರುತ್ತವೆ. ಇಟಲಿ ಸರ್ಕಾರದ ಸಂಶೋಧನಾ ಸಂಸ್ಥೆ ಎನಿಯಾದ (ENEA) ವಿಜ್ಞಾನಿಗಳು ಆ ಎರಡನ್ನೂ ತೆಗೆದು, ಮನೆ ಸೊಳ್ಳೆಯಲ್ಲಿರುವ ತಳಿಯನ್ನು ಸಣ್ಣ ಸೂಜಿಯಿಂದ ಹುಲಿ ಸೊಳ್ಳೆಯ ಭ್ರೂಣಕ್ಕೆ ಹಾಕಿ ಹೊಸ ಸಂತತಿ ಬೆಳೆಸಿದರು, 2010ರಲ್ಲಿ ಪ್ರಕಟಿಸಿದರು. ಈ ಗಂಡು ಹೊರಗಿನ ಹೆಣ್ಣಿನ ಜೊತೆ ಕೂಡಿದರೆ ಮೊಟ್ಟೆ ಒಡೆಯುವುದಿಲ್ಲ. ಗಂಡು ಸೊಳ್ಳೆ ಕಚ್ಚುವುದೂ ಇಲ್ಲ. ಲಕ್ಷಗಟ್ಟಲೆ ಗಂಡುಗಳನ್ನು ಸಾಕಿ ಬಿಟ್ಟರೆ ವಿಷ ಹೊಡೆಯದೆ ಸೊಳ್ಳೆ ಕಮ್ಮಿ ಮಾಡಬಹುದು.

"ತಪ್ಪಿ ಹೆಣ್ಣು ಬಿಟ್ಟರೆ?" ಅಂದೆ.

"ಅದೇ ಕಷ್ಟ. ಹೆಣ್ಣು ಹೋದರೆ ಹೊಸ ಸಂತತಿಯೇ ಅಲ್ಲಿ ಬೇರು ಬಿಡಬಹುದು. ಆಮೇಲೆ ನಾವು ಬಿಟ್ಟ ಗಂಡು ಆ ಹೆಣ್ಣಿನ ಮೇಲೆ ಏನೂ ಮಾಡಲ್ಲ. ಅದಕ್ಕೇ ಕೋಶದಲ್ಲೇ, ಅಂದ್ರೆ ಮರಿಗೆ ರೆಕ್ಕೆ ಬರೋ ಮುಂಚಿನ ಪ್ಯೂಪಾ ಹಂತದಲ್ಲೇ, ಗಂಡು ಹೆಣ್ಣು ಬೇರೆ ಮಾಡಬೇಕು. ಗಂಡಿನ ಕೋಶ ಚಿಕ್ಕದು, ಜರಡಿಯಲ್ಲಿ ಸೋಸಬಹುದು, ಆದರೂ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು."

ಎರಡನೇ ದಿನ: ಕಸಾಚಾ, ಆಲಿವ್ ತೋಪು, ನೋರ್ಚಾ

ಎನಿಯಾದ ಕಸಾಚಾ ಸಂಶೋಧನಾ ಕೇಂದ್ರ ಈ ಸರೋವರದಿಂದ ರೋಮ್‌ಗೆ ಹೋಗುವ ಹಾದಿಯಲ್ಲೇ ಇದೆ. ತಂಗಿ ಮೊದಲೇ ಬರೆದು ಕೇಳಿದ್ದಳು. ನನಗೆ ಆ ಜಾಗ ಮುಖ್ಯ, ಯಾಕೆಂದರೆ ಸೊಳ್ಳೆ ಸಾಕುವ ಅದೇ ಆವರಣದಲ್ಲಿ ಭೂಕಂಪದ ಮೇಜುಗಳೂ ಇವೆ. ದೊಡ್ಡದು ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಉಕ್ಕಿನ ಹಲಗೆ. ಅದರ ಮೇಲೆ ಗೋಡೆ ಕಟ್ಟಿ, ನಿಜವಾಗಿ ಆದ ಭೂಕಂಪದ ಚಲನೆಯನ್ನೇ ಕೊಟ್ಟು ಅಲುಗಿಸುತ್ತಾರೆ. ನಾವು ಹೋದಾಗ ಅದು ಸುಮ್ನೆ ನಿಂತಿತ್ತು. ಆದರೂ ಪಕ್ಕದಲ್ಲಿ ತುಂಬಾ ಹೊತ್ತು ನಿಂತೆ.

ಈ ಮೇಜು ಯಾಕೆ ಬೇಕು ಅಂದರೆ, ಇಟಲಿಯ ಹಳೆ ಬೆಟ್ಟದೂರುಗಳ ಗೋಡೆ ಹೊರಗಿನಿಂದ ನೋಡಿದರೆ ದಪ್ಪ, ಗಟ್ಟಿ. ಒಳಗೆ ನೋಡಿದರೆ ಎರಡು ಪದರ ಕಲ್ಲು, ನಡುವೆ ಸುರಿದ ಚೂರುಕಲ್ಲು ಮತ್ತು ಬಡ ಸುಣ್ಣದ ಗಾರೆ. ಎರಡು ಪದರವನ್ನು ಹಿಡಿದಿಡುವ ಅಡ್ಡಗಲ್ಲು ಇಲ್ಲದಿದ್ದರೆ, ನೆಲ ಅಲುಗಿದಾಗ ಪದರಗಳು ಬೇರೆಯಾಗಿ ಹೊರಗಿನದು ಬೀದಿಗೆ ಬೀಳುತ್ತದೆ. ಇದು ಕಾಗದದ ಲೆಕ್ಕದಲ್ಲಿ ಸರಿಯಾಗಿ ಸಿಗುವುದಿಲ್ಲ. ಅಲುಗಿಸಿಯೇ ನೋಡಬೇಕು.

ಅಲ್ಲಿಂದ ಉತ್ತರಕ್ಕೆ. ಸ್ಪೊಲೇತೋ ಹತ್ತಿರ ಬರುತ್ತಿದ್ದ ಹಾಗೆ ಗುಡ್ಡದ ತುಂಬ ಆಲಿವ್. ತಂಗಿ ಕಾರು ನಿಲ್ಲಿಸಲು ಹೇಳಿದಳು. ಒಂದು ಮರಕ್ಕೆ ಹಳದಿ ಅಂಟು ಹಲಗೆ ತೂಗು ಹಾಕಿದ್ದರು, ಅದರ ತುಂಬ ಸಣ್ಣ ನೊಣಗಳು ಅಂಟಿದ್ದವು. ತೋಟದ ಯಜಮಾನರು ನೀರಿನ ಪೈಪು ಹಿಡಿದು ಬಂದರು. ಬೈಯುತ್ತಾರೇನೋ ಅಂದುಕೊಂಡೆ, ಆದರೆ ತಂಗಿ ಆಲಿವ್ ನೊಣದ ಹೆಸರು ಎತ್ತಿದ್ದೇ ತಡ, ಪೈಪು ಕೆಳಗಿಟ್ಟು ಮಾತಿಗೆ ನಿಂತರು. ಚಳಿಗಾಲ ಬೆಚ್ಚಗಾದ ವರ್ಷ ಅರ್ಧ ಕಾಯಿ ಹೋಗುತ್ತದೆ ಅಂದರು.

ಆ ನೊಣದ ಒಳಗೂ ಒಬ್ಬ ಜೊತೆಗಾರ ಇದ್ದಾನೆ. 1909ರಲ್ಲಿ ಪೇತ್ರಿ ಅನ್ನುವ ಇಟಾಲಿಯನ್ ವಿಜ್ಞಾನಿ ಆಲಿವ್ ನೊಣದಲ್ಲಿ ಬ್ಯಾಕ್ಟೀರಿಯಾ ವಾಸ ಮಾಡುವುದನ್ನು ವಿವರಿಸಿದರು. ಹಸಿರು ಆಲಿವ್ ಕಹಿ, ಅದರಲ್ಲಿನ ರಸ ಮರಿಹುಳುವಿಗೆ ಪ್ರೋಟೀನು ದಕ್ಕದ ಹಾಗೆ ಮಾಡುತ್ತದೆ. ಈ ಬ್ಯಾಕ್ಟೀರಿಯಾ ಇದ್ದರೆ ಮಾತ್ರ ಹುಳು ಹಸಿರು ಕಾಯಿಯಲ್ಲಿ ಬೆಳೆಯುತ್ತದೆ. ಪ್ರಯೋಗಾಲಯದಲ್ಲಿ ಕೃತಕ ಆಹಾರ ಕೊಟ್ಟು ಸಾಕಿದರೆ ಬ್ಯಾಕ್ಟೀರಿಯಾ ಕಳೆದೇ ಹೋಗುತ್ತದೆ, ನೊಣ ಬಡಕಲಾಗುತ್ತದೆ. ನೊಣ ಕಮ್ಮಿ ಮಾಡಲು ಹಾಗೆ ಸಾಕಿದ ಬಂಜೆ ಗಂಡುಗಳನ್ನು ತೋಪಿಗೆ ಬಿಟ್ಟರೆ ಹೊರಗಿನ ಗಂಡುಗಳ ಎದುರು ನಿಲ್ಲುವುದೇ ಇಲ್ಲ. "ಹುಳ ಒಂದನ್ನೇ ಸಾಕ್ತೀನಿ ಅಂದ್ರೆ ಆಗಲ್ಲ, ಅದರ ಜೊತೆಯವರನ್ನೂ ಸಾಕಬೇಕು" ಅಂತ ತಂಗಿ ಅಂದಿದ್ದನ್ನು ಯಜಮಾನರಿಗೂ ಹೇಳಿದಳು. ಅವರು ತಲೆಯಾಡಿಸಿ ಒಳಗೆ ಹೋಗಿ ಒಂದು ಸಣ್ಣ ಬಾಟಲಿ ಎಣ್ಣೆ ತಂದುಕೊಟ್ಟರು. ದುಡ್ಡು ಮುಟ್ಟಲಿಲ್ಲ.

ಸ್ಪೊಲೇತೋದಿಂದ ಉದ್ದ ಸುರಂಗ ದಾಟಿದರೆ ನೇರಾ ನದಿಯ ಕಣಿವೆ. ಊಟಕ್ಕೆ ತಡವಾಗಿತ್ತು. ಇಲ್ಲಿ ಎರಡೂವರೆ ಆದಮೇಲೆ ಅಡುಗೆಮನೆ ಮುಚ್ಚಿದರೆ ರಾತ್ರಿವರೆಗೆ ತೆಗೆಯುವುದಿಲ್ಲ, ನೆನಪಿಡಿ. ಬಾರ್ ಒಂದರಲ್ಲಿ ಚೀಸ್ ಬ್ರೆಡ್ ತಿಂದು ಮುಂದೆ ಹೋದೆವು. ನೋರ್ಚಾ ತಲುಪಿದಾಗ ಗೋಡೆ ಸುತ್ತಿದ ಊರಿನ ಮೇಲೆ ಬಿಸಿಲು ಇಳಿಯುತ್ತಿತ್ತು. ಕಾರನ್ನು ಕೋಟೆ ಹೊರಗೇ ಬಿಡಿ. ಒಳಗೆ ಕ್ಯಾಮೆರಾ ಇರುವ ನಿಷೇಧದ ಬೀದಿಗಳಲ್ಲಿ ನುಗ್ಗಿದರೆ ದಂಡದ ಚೀಟಿ ಮನೆಗೇ ಬರುತ್ತದೆ.

ಮೂರನೇ ದಿನ: ಕಾಸ್ತೆಲ್ಲುಚೋ ಬಯಲು

ಬೆಳಿಗ್ಗೆ ಬೇಗ ಎದ್ದು ಘಟ್ಟ ಹತ್ತಿದೆವು. ಹೂವಿನ ಕಾಲದ ವಾರಾಂತ್ಯದಲ್ಲಿ ಕಾರುಗಳಿಗೆ ಮಿತಿ ಹಾಕುತ್ತಾರೆ, ಅದಕ್ಕೆ ವಾರದ ನಡುವೆ, ಮುಂಜಾನೆ ಹೋಗುವುದೇ ಒಳ್ಳೆಯದು. ಕಣಿವೆ ದಾಟಿ ತಿರುವಿಗೆ ಬಂದಾಗ ಕೆಳಗೆ ಬಯಲು ಬಿಚ್ಚಿಕೊಂಡಿತು. ಗಸಗಸೆ ಹೂವಿನ ಕೆಂಪು, ಸಾಸಿವೆಯ ಹಳದಿ, ನಡುನಡುವೆ ನೀಲಿ, ಪಟ್ಟೆ ಪಟ್ಟೆಯಾಗಿ. ಇಬ್ಬರೂ ಮಾತೇ ಆಡಲಿಲ್ಲ. ಈ ಹೂಗಳೆಲ್ಲ ಮಸೂರದ ಹೊಲದಲ್ಲಿ ಬೆಳೆದ ಕಳೆ. ಕಳೆನಾಶಕ ಹೊಡೆಯದ್ದರಿಂದ ಉಳಿದಿವೆ. ಮಸೂರ ಗಿಡ ಹತ್ತಿರ ಹೋಗಿ ಬಗ್ಗಿದರೆ ಮಾತ್ರ ಕಾಣುತ್ತದೆ, ಗೇಣುದ್ದ, ಬಡಪಾಯಿ.

1452 ಮೀಟರ್ ಎತ್ತರದ ಕಾಸ್ತೆಲ್ಲುಚೋ ಊರು ಬಯಲಿನ ತುದಿಯ ಗುಡ್ಡದ ಮೇಲಿತ್ತು. 2016ರ ಅಕ್ಟೋಬರ್ 30ರ ಬೆಳಿಗ್ಗೆ 7.40ಕ್ಕೆ 6.5 ತೀವ್ರತೆಯ ಭೂಕಂಪ ಆಯಿತು, ಊರಿನ ಹೆಚ್ಚಿನ ಭಾಗ ಕುಸಿಯಿತು. ಎದುರಿನ ವೆತ್ತೋರೆ ಬೆಟ್ಟದ ಮೈಮೇಲೆ ತೆಳು ಬಿಳಿ ಗೆರೆಯೊಂದು ಅಡ್ಡಕ್ಕೆ ಹೋಗುತ್ತದೆ. ಅದು ಕಾಲುದಾರಿ ಅಲ್ಲ. ಆವತ್ತು ನೆಲ ಸೀಳಿ ಜಾರಿದ ಜಾಗ. ಕೆಲವು ಕಡೆ ಎರಡು ಮೀಟರ್‌ನಷ್ಟು ಜಾರಿದೆ. ದೂರದರ್ಶಕದಲ್ಲಿ ನೋಡಿದೆ, ಬುಡದಲ್ಲಿ ಹೊಸದಾಗಿ ಹೊರಬಂದ ಬಂಡೆಯ ಬಣ್ಣವೇ ಬೇರೆ.

ಮರದ ಅಂಗಡಿಯೊಂದರಲ್ಲಿ ಮಸೂರದ ಸಾರು, ಸುಟ್ಟ ಬ್ರೆಡ್. ಸಿಪ್ಪೆ ಎಷ್ಟು ತೆಳು ಅಂದರೆ ನೆನೆಹಾಕದೆ ಬೇಯುತ್ತದೆ. ಬಡಿಸಿದ ಅಮ್ಮನನ್ನು ತಂಗಿ ಕೇಳಿದಳು, ಊರು ಮತ್ತೆ ಅಲ್ಲೇ ಕಟ್ಟುವುದು ನಿಮಗೆ ಇಷ್ಟವಾ ಅಂತ. ಅವರು ಚಮಚ ಇಟ್ಟು ಗುಡ್ಡದ ಕಡೆ ನೋಡಿದರು. "ಬೇರೆಲ್ಲಿ ಕಟ್ಟೋದು? ಹೊಲ ಇಲ್ಲಿದೆ" ಅಂದರು.

ಕಟ್ಟುವ ಯೋಜನೆ ನನಗೆ ಬಹಳ ಹಿಡಿಸಿತು. ಗುಡ್ಡದ ಇಳಿಜಾರಿನಲ್ಲಿ ದೊಡ್ಡ ಕಾಂಕ್ರೀಟ್ ಹಲಗೆಗಳನ್ನು ಮೆಟ್ಟಿಲಾಗಿ ಹಾಕಿ, ಅವುಗಳ ಕೆಳಗೆ ಭೂಕಂಪ ತಡೆಯುವ ಬೇರಿಂಗ್ ಇಟ್ಟು, ಮೇಲೆ ಮನೆಗಳನ್ನು ಗುಂಪುಗುಂಪಾಗಿ ಕಟ್ಟುವುದು. ನೆಲ ಅಲುಗಿದರೆ ಹಲಗೆ ನಿಧಾನಕ್ಕೆ ತೇಲಾಡಬೇಕು, ಮನೆಗೆ ಏಟು ತಟ್ಟಬಾರದು. ಪೂರ್ತಿ ಬಿದ್ದ ಊರಿನಲ್ಲಿ ಮಾತ್ರ ಇದು ಸಾಧ್ಯ. ನಿಂತ ಊರಿಗೆ ಬೇರೆ ದಾರಿ ಬೇಕು.

ಮಧ್ಯಾಹ್ನ ಆಲಿಕಲ್ಲು ಬಿತ್ತು. ಹತ್ತೇ ನಿಮಿಷದಲ್ಲಿ ಬಿಸಿಲು ಹೋಗಿ ಕಾರಿನ ಗಾಜಿನ ಮೇಲೆ ಪಟಪಟ ಸದ್ದು, ಬಯಲಿನಲ್ಲಿ ನಡೆಯುತ್ತಿದ್ದವರೆಲ್ಲ ಕುರಿಗಳ ಜೊತೆ ಒಂದೇ ಚಪ್ಪರದಡಿ. ಜುಲೈ ಆದರೂ ಜಾಕೆಟ್ ಇರಲಿ.

ಸಂಜೆ ನೋರ್ಚಾದಲ್ಲಿ ಗೋಡೆ ನೋಡುತ್ತಾ ತಿರುಗಿದೆ. ಮನೆಗಳೆಲ್ಲ ಗಿಡ್ಡ, ಬುಡದಲ್ಲಿ ಗೋಡೆ ಓರೆಯಾಗಿ ದಪ್ಪಗಾಗಿದೆ. 1859ರ ಭೂಕಂಪದ ಮೇಲೆ ಆಗಿನ ಪೋಪ್ ಸರ್ಕಾರ ಮನೆ ಎತ್ತರಕ್ಕೆ ಮಿತಿ ಹಾಕಿ ನಿಯಮ ಮಾಡಿತು. 1979 ಮತ್ತು 1997ರ ಭೂಕಂಪಗಳ ನಂತರ ಬಹಳ ಮನೆಗಳಿಗೆ ಗೋಡೆಯಿಂದ ಗೋಡೆಗೆ ಕಬ್ಬಿಣದ ಸರಳು ಹಾಕಿದರು. ಹೊರಗೆ ಸರಳಿನ ತುದಿಯ ಪ್ಲೇಟುಗಳು ಸಾಲಾಗಿ ಕಾಣುತ್ತವೆ. 2016ರ ಅಕ್ಟೋಬರ್‌ನಲ್ಲಿ ಸಂತ ಬೆನೆಡಿಕ್ಟರ ಬಸಿಲಿಕಾ ಬಿದ್ದು ಮುಂಭಾಗ ಮಾತ್ರ ನಿಂತಿತು, ಆದರೆ ಆವತ್ತಿನ ಅಷ್ಟು ದೊಡ್ಡ ಏಟಿಗೆ ಮನೆ ಬಿದ್ದು ಯಾರೂ ಸಾಯಲಿಲ್ಲ. ಆಗಸ್ಟ್‌ನಿಂದಲೇ ಅಲುಗುತ್ತಿದ್ದರಿಂದ ಬಹಳ ಜನ ಮನೆ ಬಿಟ್ಟಿದ್ದರು, ಅದೂ ನಿಜ. ಆದರೂ ಆ ಸರಳುಗಳಿಗೆ ಕೈಮುಗಿಯಬೇಕು ಅನಿಸಿತು.

ನಾಲ್ಕನೇ ದಿನ: ವಿಸ್ಸೊ ದಾಟಿ ಕಾಮೆರಿನೋ

ವಿಸ್ಸೊ ಹತ್ತಿರ ಪೆಟ್ರೋಲ್ ಮುಗಿಯುತ್ತಾ ಬಂತು. ಭಾನುವಾರ, ಬಂಕ್‌ನಲ್ಲಿ ಜನ ಇಲ್ಲ, ಮೆಷಿನ್ ನನ್ನ ಕಾರ್ಡು ಒಪ್ಪಲಿಲ್ಲ. ಟ್ರ್ಯಾಕ್ಟರ್‌ನಲ್ಲಿ ಬಂದ ಹುಡುಗನೊಬ್ಬ ತನ್ನ ಕಾರ್ಡಿನಲ್ಲಿ ಹಾಕಿಸಿ ನಮ್ಮಿಂದ 20 ಯೂರೋ ನೋಟು ತಗೊಂಡ. ಬೆಟ್ಟದ ದಾರಿಗೆ ಶನಿವಾರವೇ ಟ್ಯಾಂಕ್ ತುಂಬಿಸಿಕೊಳ್ಳಿ.

ಕಾಮೆರಿನೋ ಗುಡ್ಡದ ತಲೆಯ ಮೇಲಿನ ವಿಶ್ವವಿದ್ಯಾಲಯದ ಊರು. ಇಲ್ಲಿ ಕಲಿಕೆಯ ಇತಿಹಾಸ 1336ಕ್ಕೆ ಹೋಗುತ್ತದೆ ಅನ್ನುತ್ತಾರೆ. 2016ರ ಅಕ್ಟೋಬರ್ 26ರ ಸಂಜೆ ಏಳರ ಹೊತ್ತಿಗೆ ಒಂದು ಕಂಪನ, ಎರಡು ಗಂಟೆ ಕಳೆದ ಮೇಲೆ ಇನ್ನೂ ದೊಡ್ಡದು. ಮೊದಲನೆಯದಕ್ಕೇ ಜನ ಹೊರಗೆ ಬಂದಿದ್ದರು. ಸಾಂತಾ ಮರಿಯಾ ಇನ್ ವಿಯಾ ಚರ್ಚಿನ ಗಂಟೆಗೋಪುರ ಪಕ್ಕದ ಮನೆ ಮೇಲೆ ಬಿತ್ತು. ಹಳೆ ಊರನ್ನೇ ಮುಚ್ಚಿದರು. ಭವಿಷ್ಯ ಕುಸಿಯುವುದಿಲ್ಲ ಅನ್ನುವ ಮಾತನ್ನು ವಿಶ್ವವಿದ್ಯಾಲಯ ಆಗ ಎತ್ತಿ ಹಿಡಿಯಿತು.

ನಾವು ಉಳಿದ ಮನೆಯ ಅಜ್ಜ ನನ್ನ ಕೆಲಸ ಏನು ಅಂತ ತಿಳಿದ ಮೇಲೆ ಬಿಡಲೇ ಇಲ್ಲ. ಸಂಜೆ ಹಳೆ ಊರಿನ ಬೀದಿಗೆ ಕರೆದುಕೊಂಡು ಹೋಗಿ ಒಂದು ಸಾಲು ತೋರಿಸಿದರು. ಮರದ ಊರುಗೋಲು ಕೊಟ್ಟು ನಿಲ್ಲಿಸಿದ ಮನೆಗಳು. ಇಲ್ಲಿ ಮನೆಗೆ ನಾಲ್ಕು ಗೋಡೆ ಸ್ವಂತದ್ದಲ್ಲ. ಎಡಗಡೆಯದು ಪಕ್ಕದವರಿಗೂ ಸೇರಿದ್ದು, ಬಲಗಡೆಯದು ಆಚೆಯವರಿಗೂ. ಒಂದು ಮನೆ ಬಲಪಡಿಸಿ ಪಕ್ಕದ್ದು ಬಿಟ್ಟರೆ ಗಟ್ಟಿ ಮನೆಯೇ ಬಡಮನೆಯನ್ನು ಗುದ್ದುತ್ತದೆ. ಅದಕ್ಕೇ ಇಲ್ಲಿನ ಕಾನೂನು ಸಾಲನ್ನೇ ಒಂದು ಘಟಕ ಅಂತ ಹಿಡಿಯುತ್ತದೆ, ಮಾಲೀಕರೆಲ್ಲ ಸೇರಿ ಒಕ್ಕೂಟ ಮಾಡಿಕೊಳ್ಳಬೇಕು.

"ನಮ್ಮ ಸಾಲಿನಲ್ಲಿ ಒಬ್ಬ ಅರ್ಜೆಂಟೀನಾದಲ್ಲಿದ್ದಾನೆ. ಇಬ್ಬರು ಅಕ್ಕತಂಗಿಯರು ಮಾತು ಬಿಟ್ಟು ವರ್ಷಗಳಾಯ್ತು" ಅಂದರು ಅಜ್ಜ. "ಗೋಡೆ ಒಂದೇ ಆದ್ದರಿಂದ ಇಬ್ಬರೂ ಒಂದೇ ಮೇಜಿಗೆ ಬಂದು ಸಹಿ ಹಾಕಿದರು."

ರಾತ್ರಿ ಅವರ ಅಡುಗೆಮನೆಯಲ್ಲಿ ಚಾವುಸ್ಕೊಲೊ ಕೊಟ್ಟರು. ಬೆಣ್ಣೆ ಹಚ್ಚಿದ ಹಾಗೆ ಬ್ರೆಡ್ ಮೇಲೆ ಹಚ್ಚಿ ತಿನ್ನುವ ಮೆತ್ತನೆಯ ಹಂದಿ ಮಾಂಸದ ಸಲಾಮಿ. ತಿನ್ನದವರು ಮೊದಲೇ ಹೇಳಿದರೆ ಬೀನ್ಸು, ಚೀಸು ಧಾರಾಳ ಸಿಗುತ್ತವೆ.

ಐದನೇ ದಿನ: ಕಾಮೆರಿನೋದ ಸೊಳ್ಳೆ ಕೋಣೆ

ಇವತ್ತು ತಂಗಿಯ ದಿನ. ವಿಶ್ವವಿದ್ಯಾಲಯದಲ್ಲಿ ಸೊಳ್ಳೆ ಸಾಕುವ ಕೋಣೆಯ ಬಾಗಿಲು ತೆರೆದ ಕೂಡಲೇ ಕನ್ನಡಕ ಮಂಜಾಯಿತು. ಒಳಗೆ ಸೆಕೆ, ತೇವ. ಬಿಳಿ ಪರದೆಯ ಪಂಜರಗಳು, ಪ್ರತಿಯೊಂದರಲ್ಲೂ ಸಕ್ಕರೆ ನೀರಲ್ಲಿ ಅದ್ದಿದ ಹತ್ತಿ. ಕೆಳಗೆ ತಟ್ಟೆಗಳಲ್ಲಿ ಮರಿಗಳು, ಮೀನಿನ ಆಹಾರದ ಪುಡಿ ಉದುರಿಸಿದ ಕಡೆಗೆಲ್ಲ ಒಟ್ಟಿಗೆ ತಲೆ ತಿರುಗಿಸುತ್ತಿದ್ದವು. ತಟ್ಟೆಯ ಮೇಲೆ ನನ್ನ ಕೈ ನೆರಳು ಬಿದ್ದದ್ದೇ ಎಲ್ಲವೂ ತಳಕ್ಕೆ ಇಳಿದವು.

ಇಲ್ಲಿಯವರ ಕೆಲಸವೆಲ್ಲ ಅಸಾಯಾ ಅನ್ನುವುದರ ಮೇಲೆ. ಮೊದಲು ಇಂಡೋನೇಷ್ಯಾದ ಹೂಗಳಲ್ಲಿ ಸಿಕ್ಕಿದ್ದ ಬ್ಯಾಕ್ಟೀರಿಯಾ. 2007ರಲ್ಲಿ ಕಾಮೆರಿನೋದ ತಂಡ, ಇತರ ಕಡೆಯವರ ಜೊತೆ ಸೇರಿ, ಇದು ಅನಾಫಿಲಿಸ್ ಸ್ಟೆಫೆನ್ಸಿ ಸೊಳ್ಳೆಯಲ್ಲಿ ಮನೆ ಮಾಡಿಕೊಂಡಿದೆ ಅಂತ ತೋರಿಸಿತು. ನಮ್ಮ ನಗರಗಳಲ್ಲಿ ಮಲೇರಿಯಾ ಹರಡುವ ಸೊಳ್ಳೆ ಅದೇ. ಹಸಿರು ಹೊಳೆಯುವ ಹಾಗೆ ಮಾಡಿದ ಅಸಾಯಾವನ್ನು ಸಕ್ಕರೆ ನೀರಲ್ಲಿ ಕೊಟ್ಟರೆ ಕರುಳಲ್ಲೂ ಜೊಲ್ಲುಗ್ರಂಥಿಯಲ್ಲೂ ಹೊಳೆಯುತ್ತದೆ. ಮಲೇರಿಯಾ ರೋಗಾಣು ಹಾದು ಹೋಗುವ ದಾರಿಯೂ ಅದೇ. ಅಲ್ಲೇ ಕೂತಿರುವ ಬ್ಯಾಕ್ಟೀರಿಯಾ ಕೈಯಿಂದ ರೋಗಾಣು ತಡೆಯುವ ವಸ್ತು ಮಾಡಿಸಬಹುದಾ ಅನ್ನುವುದು ಇವರ ಹುಡುಕಾಟ. ತಾಯಿಯಿಂದ ಮರಿಗೆ, ಕೂಡುವಾಗ ಗಂಡಿನಿಂದ ಹೆಣ್ಣಿಗೆ, ಆಹಾರದಿಂದ, ಹೀಗೆ ಎಲ್ಲ ದಾರಿಯಲ್ಲೂ ಇದು ಹರಡುತ್ತದೆ. ಮರಿಗಳಿಂದ ಇದನ್ನು ತೆಗೆದರೆ ಬೆಳವಣಿಗೆ ನಿಧಾನ.

ತಂಗಿ ಮಾತಾಡುತ್ತಲೇ ಹತ್ತಿ ಬದಲಾಯಿಸುತ್ತಿದ್ದಳು. ಭಾನುವಾರ ಇರಲಿ, ಹಬ್ಬ ಇರಲಿ, ಇದು ತಪ್ಪಿಸುವ ಹಾಗಿಲ್ಲ. ಬೆರಳ ತುದಿಯಲ್ಲಿ ಪರದೆ ತಟ್ಟಿ, ಅದರ ಮೇಲೆ ಕೂತಿದ್ದವೆಲ್ಲ ಆಚೆ ಹಾರಿದ ಮೇಲೆ ಕೈ ಒಳಗೆ ಹಾಕುತ್ತಿದ್ದಳು. ಇಷ್ಟು ನಾಜೂಕಾಗಿ ಅವಳು ಇನ್ನೇನನ್ನೂ ಮುಟ್ಟಿದ್ದು ನಾನು ನೋಡಿಲ್ಲ. ಹೊರಗೆ ಮಳೆ, ಅದು ಮುಗಿಯುವವರೆಗೂ ಅಲ್ಲೇ ಇದ್ದೆವು.

ಆರನೇ ದಿನ: ಅಮಾತ್ರಿಚೆ

ಇಲ್ಲಿ ಜಾಸ್ತಿ ಬರೆಯಲು ಮನಸ್ಸಿಲ್ಲ. 2016ರ ಆಗಸ್ಟ್ 24, ಬೆಳಗಿನ ಜಾವ 3.36ರ ಭೂಕಂಪ. ಈ ಊರು ಮತ್ತು ಸುತ್ತಮುತ್ತ ಸೇರಿ 299 ಜನ ತೀರಿಹೋದರು. ಆ ವಾರಾಂತ್ಯ ಅಮಾತ್ರಿಚಾನಾ ಪಾಸ್ತಾದ 50ನೇ ಜಾತ್ರೆ ಇತ್ತು, ನೆಂಟರೆಲ್ಲ ಬಂದಿದ್ದರು. ದುರ್ಬಲ ಗಾರೆಯ ಗೋಡೆಗಳು, ಕೆಲವದರ ಮೇಲೆ ಆಮೇಲೆ ಹೇರಿದ ಭಾರದ ಕಾಂಕ್ರೀಟ್ ಚಾವಣಿ. ಒಳ್ಳೆಯ ಉದ್ದೇಶದಿಂದಲೇ ಹಾಕಿದ್ದು. ಗೋಡೆ ಸರಿ ಮಾಡದೆ ತಲೆ ಮೇಲೆ ಭಾರ ಇಡಬಾರದು ಅಂತ ನಾನು ಸಿಕ್ಕಿದ ಮೇಸ್ತ್ರಿಗೆಲ್ಲ ಹೇಳುತ್ತಿರುತ್ತೇನೆ, ಇನ್ನು ಮುಂದೆ ಇನ್ನೂ ಜೋರಾಗಿ ಹೇಳುತ್ತೇನೆ. ಊರ ಹೊರಗಿನ ಮರದ ಕಟ್ಟಡಗಳ ಹೋಟೆಲಿನಲ್ಲಿ ಪಾಸ್ತಾ ತಿಂದೆವು. ಟೊಮೆಟೊ, ಹಂದಿ ಕೆನ್ನೆಯ ಮಾಂಸ, ಕುರಿ ಹಾಲಿನ ಚೀಸ್. ಈರುಳ್ಳಿ ಹಾಕ್ತೀರಾ ಅಂತ ಕೇಳಬೇಡಿ, ಬೇಜಾರು ಮಾಡಿಕೊಳ್ಳುತ್ತಾರೆ.

ಏಳನೇ ದಿನ: ಲಾಕ್ವಿಲಾ, ಮತ್ತೆ ರೋಮ್

2009ರ ಏಪ್ರಿಲ್ 6ರ ಭೂಕಂಪದಲ್ಲಿ 309 ಜನ ಸತ್ತ ನಗರ. ಊರ ಸುತ್ತ 185 ಹೊಸ ಕಟ್ಟಡಗಳನ್ನು ಭೂಕಂಪ ತಡೆಯುವ ಬೇರಿಂಗ್ ಮೇಲೆ ಕಟ್ಟಿದ್ದಾರೆ. ಒಂದರ ಕೆಳಗಿನ ಪಾರ್ಕಿಂಗ್‌ಗೆ ಹೋದೆವು. ಕಾರುಗಳ ನಡುವೆ ಕಂಬಗಳು, ಪ್ರತಿ ಕಂಬದ ತಲೆಯಲ್ಲಿ ದಪ್ಪ ಉಕ್ಕಿನ ಬಿಲ್ಲೆ, ಅದರ ಮೇಲೆ ಇಡೀ ಕಟ್ಟಡ ಹೊತ್ತ ಕಾಂಕ್ರೀಟ್ ಹಲಗೆ. ಒಂದು ಹಲಗೆಗೆ ಸುಮಾರು 40 ಬಿಲ್ಲೆ. ಒಳಗೆ ಬಾಗಿದ ಮೇಲ್ಮೈ ಇರುತ್ತದೆ. ಬಟ್ಟಲಲ್ಲಿ ಬಿಟ್ಟ ಗೋಲಿ ಅತ್ತಿತ್ತ ಓಡಿ ಕೊನೆಗೆ ನಡುವಿಗೇ ಬರುತ್ತದಲ್ಲ, ಹಾಗೆ.

"ಅಣ್ಣಾ, ಇದನ್ನ ಕಾಮೆರಿನೋ ಅಜ್ಜನ ಸಾಲಿಗೆ ಹಾಕಕ್ಕಾಗಲ್ವಾ?"

ಅದಕ್ಕೂ ಒಂದು ಯೋಚನೆ ಇದೆ. ಹಳೆ ಕಟ್ಟಡ ಮುಟ್ಟದೆ, ಅದರ ಅಡಿಪಾಯಕ್ಕಿಂತ ಕೆಳಗೆ ನೆಲದಲ್ಲಿ ಸಾಲಾಗಿ ಪೈಪು ತೂರಿಸಿ, ಪೈಪಿನ ಒಳಗೆ ಬೇರಿಂಗ್ ಇಟ್ಟು, ಮೇಲಿನ ಮಣ್ಣಿನ ಸಮೇತ ಕಟ್ಟಡವನ್ನು ಸುತ್ತಲಿನ ನೆಲದಿಂದ ಬಿಡಿಸುವುದು. ಎನಿಯಾದವರು ತೂರಿನ್ ಪಾಲಿಟೆಕ್ನಿಕ್‌ನವರ ಜೊತೆ ರೂಪಿಸಿದ್ದು. ಒಂಟಿ ಚರ್ಚಿಗೆ, ಅರಮನೆಗೆ ಚೆನ್ನ. ಗುಡ್ಡದ ತುದಿಯಲ್ಲಿ ಒಂದಕ್ಕೊಂದು ಅಂಟಿದ ಮನೆಗಳ ಬೀದಿಗೆ ಸರಳು, ಅಡ್ಡಗಲ್ಲು, ಒಳ್ಳೆ ಸುಣ್ಣದ ಗಾರೆ, ಹಗುರ ಚಾವಣಿ ಇವೇ ಮೊದಲು. ಅದಕ್ಕಿಂತ ಮೊದಲು ಆ ಸಾಲಿನವರೆಲ್ಲರ ಸಹಿ. ಅದಾದ ಮೇಲೇ ಮೇಸ್ತ್ರಿ ಬರುವುದು.

ಲಾಕ್ವಿಲಾದಿಂದ ಎ24 ಹೆದ್ದಾರಿಯಲ್ಲಿ ರೋಮ್‌ಗೆ ಒಂದೂವರೆ ಗಂಟೆ. ರೋಮ್ ಹೊರವರ್ತುಲದಲ್ಲಿ ಸಂಜೆ ಗಾಡಿ ಜಾಸ್ತಿ, ವಿಮಾನ ರಾತ್ರಿಯದಾದರೆ ಮಧ್ಯಾಹ್ನವೇ ಹೊರಡಿ. ನಾವು ಮೂರು ಗಂಟೆಗೆ ಹೊರಟೆವು. ಟೋಲ್‌ಗೇಟ್ ಬರುವವರೆಗೆ ತಂಗಿ ಅಜ್ಜನ ಸಾಲಿನ ಚಿತ್ರವನ್ನು ಅಂಗೈಯಗಲದ ನೋಟ್‌ಬುಕ್ಕಿನಲ್ಲಿ ಬರೆದು, ಯಾವ ಗೋಡೆ ಯಾರಿಗೆ ಸೇರಿದ್ದು ಅಂತ ನನ್ನನ್ನು ಕೇಳಿ ಕೇಳಿ ಹೆಸರು ತುಂಬುತ್ತಿದ್ದಳು.